ಒಪ್ಪಿಗೆಗೆ ಕಾದು ಕೂತ ಮೇಲ್

ಕಾರ್ತಿಕದ ಸುಮಾರಿಗೆ ಆದವಾನಿಯ ಬಸ್ ಸ್ಟ್ಯಾಂಡಿನಲ್ಲಿ ಇಳಿದರೆ ಒಂದು ವಾಸನೆ ಬರುತ್ತದೆ. ಜಿನ್ನಿಂಗ್ ಮಿಲ್ಲಿನ ಹತ್ತಿ ಧೂಳು, ಹತ್ತಿಕಾಳಿನ ಎಣ್ಣೆಯ ಕಮಟು, ಬಸ್ಸಿನ ಹೊಗೆ, ಮೂಲೆಯ ಅಂಗಡಿಯ ಮಿರ್ಚಿ ಬಾಣಲೆ, ಎಲ್ಲ ಕಲೆತದ್ದು. ದಿನಾ ಓಡಾಡುವವರಿಗೆ ಅದು ಗೊತ್ತಾಗುವುದೇ ಇಲ್ಲ. ನನಗೂ ಮೂಗು ಸತ್ತು ಬಹಳ ವರ್ಷವಾಗಿತ್ತು. ಮೊನ್ನೆ ಕಾಲೇಜು ಮುಗಿಸಿ ಆಲೂರು ಬಸ್ಸಿಗೆ ಕಾಯುತ್ತ ನಿಂತಿದ್ದಾಗ ಫೋನಿಗೆ ಒಂದು ಮೇಲ್ ಬಂತು. ಕಳಿಸಿದವರು ಶರಣಪ್ಪ ಮೇಷ್ಟ್ರು. ಬರೆದದ್ದು ಮೂರು ವರ್ಷದ ಹಿಂದಿನ ಭಾದ್ರಪದದಲ್ಲಿ, ಬಂದು ಮುಟ್ಟಿದ್ದು ಈಗ. ಇದ್ದದ್ದು ನಾಲ್ಕೇ ಸಾಲು. ಓದಿದೆ, ಮತ್ತೆ ಓದಿದೆ. ಆಗ ಸತ್ತ ಮೂಗಿಗೆ ಆ ವಾಸನೆ ಒಮ್ಮೆಲೇ ಹೊಡೆಯಿತು. ಬಸ್ಸು ಬಂತು, ತುಂಬಿತು, ಹೋಯಿತು. ನಾನು ಹತ್ತಲೇ ಇಲ್ಲ.

ಆ ನಾಲ್ಕು ಸಾಲಿನ ಬೆಲೆ ತಿಳಿಯಬೇಕಾದರೆ ಆ ವರ್ಷದ ಮಳೆಗಾಲವನ್ನೇ ಹೇಳಬೇಕು.

ನಮ್ಮ ಮನೆ ತೆಲುಗು ರಾಜ್ಯದ ಗಡಿಯೂರು ಆಲೂರಿನಲ್ಲಿ. ಹತ್ತನೆಯವರೆಗೆ ಅಲ್ಲೇ ಕನ್ನಡ ಮಾಧ್ಯಮ, ಆಮೇಲೆ ಆದವಾನಿಯಲ್ಲಿ ತೆಲುಗು, ಇಂಗ್ಲಿಷು. ಈಗ ಆದವಾನಿಯ ಒಂದು ಖಾಸಗಿ ಕಾಲೇಜಿನಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಶರಣಪ್ಪ ಮೇಷ್ಟ್ರು ನಮಗಿಂತ ಎರಡು ಓಣಿ ಆಚೆಯವರು. ನನಗೆ ಸಮಾಜ ಪಾಠ ಹೇಳಿದವರು, ಊರ ವರಸೆಯಲ್ಲಿ ಅಣ್ಣ. ಸರ್ವೀಸಿನಲ್ಲಿದ್ದಾಗಲೇ ಅವರಿಗೆ ಎರಡೂ ಕಣ್ಣು ಹೋದವು. ಕೆಲಸ ಬಿಡಲಿಲ್ಲ. ಆಲೂರಿನ ಹತ್ತಿರದ ಹಳ್ಳಿಯೊಂದರ ಕನ್ನಡ ಹೈಸ್ಕೂಲಿನಲ್ಲಿ ಪುಸ್ತಕ ಮುಟ್ಟದೆ ಪಾಠ ಮಾಡುತ್ತಿದ್ದರು. ಯಾವ ಪುಟದಲ್ಲಿ ಯಾವ ನಕಾಶೆ ಇದೆ ಎಂಬುದು ಹುಡುಗರಿಗಿಂತ ಅವರಿಗೇ ಚೆನ್ನಾಗಿ ಗೊತ್ತು.

ಅವರ ಹಳೆಯ ಲ್ಯಾಪ್‌ಟಾಪಿಗೆ ನಾನು ಒಂದು ತಂತ್ರಾಂಶ ಹಾಕಿಕೊಟ್ಟಿದ್ದೆ. ಪರದೆಯ ಮೇಲೆ ಇದ್ದದ್ದನ್ನು ಗಟ್ಟಿಯಾಗಿ ಓದಿ ಹೇಳುವಂಥದ್ದು. ಅದಕ್ಕೊಂದು ಇಂಗ್ಲಿಷ್ ಹೆಸರಿದೆ, ನಾವು ‘ಓದುಗ’ ಅಂತಲೇ ಕರೆಯುತ್ತಿದ್ದೆವು. ಅದು ಯಾವ ಕಂಪನಿಯ ಸ್ವತ್ತೂ ಅಲ್ಲ. ಹತ್ತಾರು ದೇಶದ ಜನ ಬಿಡುವಿನಲ್ಲಿ ಕೂತು ಬರೆದದ್ದು. ಒಳಗಿನ ಕೋಡ್ ಯಾರು ಬೇಕಾದರೂ ನೋಡಬಹುದು, ತಪ್ಪಿದ್ದರೆ ತಿದ್ದಿ ಕಳಿಸಬಹುದು. ಆದರೆ ಕಳಿಸಿದ್ದು ಹಾಗೇ ಒಳಗೆ ಹೋಗುವುದಿಲ್ಲ. ಉಳಿದವರು ಸಾಲು ಸಾಲಾಗಿ ನೋಡಬೇಕು, ತಕರಾರು ಎತ್ತಬೇಕು, ಎಲ್ಲ ತೀರಿದ ಮೇಲೆ ಅದನ್ನು ನಡೆಸುವ ಮುಖ್ಯಸ್ಥ ಒಪ್ಪಬೇಕು. ಅವನು ದೂರದ ಒಂದು ಚಳಿ ದೇಶದವನು. ಮುಖ ನೋಡಿಲ್ಲ, ದನಿ ಕೇಳಿಲ್ಲ. ಒಪ್ಪಿಗೆ ಕೊಡುವವನಾದ್ದರಿಂದ ನಾನು ಅವನಿಗೆ ಯಜಮಾನ ಎಂದು ಹೆಸರಿಟ್ಟಿದ್ದೆ. ಲ್ಯಾಬಿನ ಗೆಳತಿಯರು ಅದನ್ನು ಹಿಡಿದುಕೊಂಡು, ಯಜಮಾನ್ರ ಉತ್ತರ ಬಂತೇನ್ರಿ ಅಂತ ದಿನಾ ಕಾಲೆಳೆಯುತ್ತಿದ್ದರು.

ಓದುಗನಿಗೆ ಕನ್ನಡ ಬರುತ್ತಿತ್ತು, ತೆಲುಗೂ ಬರುತ್ತಿತ್ತು. ಎರಡೂ ಒಂದೇ ಸಾಲಿನಲ್ಲಿ ಬಂದರೆ ಮಾತ್ರ ಬರುತ್ತಿರಲಿಲ್ಲ. ಕನ್ನಡದ ನಡುವೆ ತೆಲುಗಿನ ಪದ ಸಿಕ್ಕಿತೋ, ಗುಳುಂ ಎಂದು ನುಂಗಿ ಮುಂದೆ ಹೋಗುತ್ತಿತ್ತು. ಬೆಂಗಳೂರಿನವರಿಗೆ ಅದರಿಂದ ಏನೂ ಆಗುವುದಿಲ್ಲ, ಹೈದರಾಬಾದಿನವರಿಗೂ ಇಲ್ಲ. ನಮ್ಮ ಕಡೆ ಆಗುತ್ತದೆ. ನಾವು ಮಾತಾಡುವುದೇ ಹಾಗೆ, ಬರೆಯುವುದೂ ಹಾಗೆ. ಸರ್ಕಾರದ ಆದೇಶ ತೆಲುಗಿನಲ್ಲಿ ಬರುತ್ತದೆ. ಕನ್ನಡ ಶಾಲೆಗೆ ಕಳಿಸುವಾಗ ಯಾರೋ ಅದರ ಸಾಲು ಸಾಲಿಗೂ ಕನ್ನಡದಲ್ಲಿ ವಿವರಣೆ ಸೇರಿಸುತ್ತಾರೆ. ಹೀಗೆ ಅರ್ಧ ಅದು, ಅರ್ಧ ಇದು. ಅರ್ಧ ಆದೇಶ ಓದುವುದಕ್ಕಿಂತ ಓದದಿರುವುದೇ ವಾಸಿ ಎಂದು ಮೇಷ್ಟ್ರು ಹೇಳುತ್ತಿದ್ದರು.

ಆ ವರ್ಷ ಅವರ ಶಾಲೆಯ ಹೆಡ್‌ಮಾಸ್ತರರಿಗೆ ವರ್ಗವಾಯಿತು. ಸೀನಿಯಾರಿಟಿ ಪ್ರಕಾರ ಇನ್‌ಚಾರ್ಜ್ ಹೆಡ್‌ಮಾಸ್ತರಿಕೆ ಶರಣಪ್ಪ ಮೇಷ್ಟ್ರಿಗೇ ಬರಬೇಕು. ಮಂಡಲದ ಶಿಕ್ಷಣಾಧಿಕಾರಿ ಕೆಟ್ಟ ಮನುಷ್ಯನೇನಲ್ಲ. ದಸರಾ ರಜೆ ಮುಗಿದ ಮೇಲೆ ಬರುತ್ತೇನೆ, ಆದೇಶಗಳನ್ನು ಯಾರ ಸಹಾಯವೂ ಇಲ್ಲದೆ ನೀವೇ ಓದಿ ತೋರಿಸಿ, ಚಾರ್ಜು ನಿಮ್ಮದೇ, ಇಲ್ಲದಿದ್ದರೆ ನಿಮ್ಮ ಕೆಳಗಿನವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿಹೋದರು. ಮೇಷ್ಟ್ರು ಅದನ್ನು ನನಗೆ ತಿಳಿಸಲು ನಮ್ಮ ಮನೆಯವರೆಗೆ ನಡೆದು ಬಂದರು. ಕೋಲನ್ನು ಗೋಡೆಗೆ ಒರಗಿಸಿ, ಜಗಲಿಯ ಮೇಲೆ ಕೂತರು.

“ನನಗ ಕುರ್ಚಿ ದೊಡ್ಡದಲ್ಲ ಗಿರಿಜವ್ವ. ಕಣ್ಣಿಲ್ಲಂತ ಕುರ್ಚಿ ತಪ್ಪಬಾರದು, ಅಷ್ಟ.”

ನಾನು ಮಾಡೇ ಮಾಡುತ್ತೇನೆ ಎಂದು ಮಾತು ಕೊಟ್ಟೆ. ದಸರೆಗೆ ಮುಂಚೆ ಓದುಗನ ಹೊಸ ಆವೃತ್ತಿ ಬರುವುದಿತ್ತು. ಅದರೊಳಗೆ ನನ್ನ ತಿದ್ದುಪಡಿ ಸೇರಿಬಿಟ್ಟರೆ ಸಾಕಿತ್ತು. ಆಗ ಆಷಾಢದ ಗಾಳಿ, ಎರೆ ಹೊಲದ ಧೂಳೆಲ್ಲ ಎದ್ದು ಮನೆಯೊಳಗಿನ ನೀರಿನ ಬಿಂದಿಗೆಯ ಮೇಲೂ ಕೂರುವ ದಿನಗಳು. ಒಂದು ವಾರದಲ್ಲಿ ಕೋಡ್ ಬರೆದೆ. ಲ್ಯಾಬಿನಲ್ಲಿ ಓದಿಸಿ ನೋಡಿದೆ, ಓದುಗ ಕನ್ನಡದಿಂದ ತೆಲುಗಿಗೆ, ತೆಲುಗಿನಿಂದ ಕನ್ನಡಕ್ಕೆ ನಮ್ಮ ಹಾಗೆಯೇ ಹೊರಳಿತು. ಕೆಲಸ ಮುಗಿಯಿತು ಎಂದು ಹಿಗ್ಗಿದೆ. ಕಷ್ಟ ಶುರುವಾದದ್ದು ಆಮೇಲೆ.

ಆ ಜನರ ಪದ್ಧತಿ ಇ-ಮೇಲು. ತಿದ್ದುಪಡಿಯನ್ನು ಇ-ಮೇಲಿನ ಒಡಲಿನಲ್ಲೇ ಬರೀ ಅಕ್ಷರವಾಗಿ ಬರೆದು ಒಂದು ವಿಳಾಸಕ್ಕೆ ಕಳಿಸಬೇಕು. ಅದು ಆ ಬಳಗದ ಎಲ್ಲರಿಗೂ ಹೋಗುತ್ತದೆ. ಅವರು ನಿಮ್ಮ ಸಾಲಿನ ಕೆಳಗೆ ತಮ್ಮ ಸಾಲು ಬರೆದು ವಾಪಸು ಕಳಿಸುತ್ತಾರೆ. ಕೇಳಲು ಎಷ್ಟು ಸರಳ. ಮೊದಲ ಸಲ ಲ್ಯಾಬಿನಲ್ಲಿ ನೆಟ್ ಇರಲಿಲ್ಲ, ಫೋನಿನಿಂದ ಕಳಿಸಿದೆ. ಫೋನು ಅದಕ್ಕೆ ಏನೇನೋ ಬಣ್ಣ ಬಳಿದು ಕಳಿಸಿತಂತೆ, ಬರೀ ಅಕ್ಷರ ಮಾತ್ರ ಕಳಿಸತಕ್ಕದ್ದು ಎಂದು ಯಂತ್ರವೇ ವಾಪಸು ಉಗಿಯಿತು. ಎರಡನೆಯ ಸಲ ಕಾಲೇಜಿನ ಮೇಲ್ ತಂತ್ರಾಂಶ ಉದ್ದ ಸಾಲುಗಳನ್ನೆಲ್ಲ ತಾನೇ ಮುರಿದು, ಸಾಲಿನ ಮುಂದಿನ ಖಾಲಿ ಜಾಗವನ್ನು ತನಗೆ ಬೇಕಾದಂತೆ ಅಳೆದು ಹಾಕಿತು. ತಿದ್ದುಪಡಿ ಮೂಲ ಕೋಡಿಗೆ ಅಂಟಲಿಲ್ಲ. ಮೂರನೆಯ ಸಲ ಅದೆಲ್ಲ ಸರಿಯಾಯಿತು. ಯಾರೋ ಕೇಳಿದ ಪ್ರಶ್ನೆಗೆ ಉತ್ತರವನ್ನು ಕೆಳಗೆ ಬರೆಯುವ ಬದಲು ಮೇಲೆ ಬರೆದೆನೆಂದು ಒಬ್ಬ ಪುಣ್ಯಾತ್ಮ ನನಗೆ ಒಂದು ಪುಟ ಶಿಷ್ಟಾಚಾರ ಕಲಿಸಿದ. ಎಮ್ಮೆ ಮಾರಲು ಹೋದವಳನ್ನು ಹಗ್ಗದ ಗಂಟು ಸರಿಯಿಲ್ಲವೆಂದು ಸಂತೆಯಿಂದ ವಾಪಸು ಕಳಿಸಿದ ಹಾಗಾಯಿತು. ಎಮ್ಮೆಯನ್ನು ಯಾರೂ ನೋಡಲೇ ಇಲ್ಲ. ನಾನು ಲ್ಯಾಬಿನಲ್ಲಿ ಕೂತು ಅವರ ವಂಶವನ್ನೆಲ್ಲ ತೆಲುಗಿನಲ್ಲಿ ಬೈದೆ. ಬೈಗುಳಕ್ಕೆ ನನಗೆ ತೆಲುಗೇ ಆಗಬೇಕು.

ಈ ನಡುವೆ ಮೇಷ್ಟ್ರದೊಂದು ಕಾಟ. ನಾನು ತಿದ್ದುಪಡಿಯ ಪ್ರತಿ ಆವೃತ್ತಿಯನ್ನೂ ಪೆನ್‌ಡ್ರೈವಿನಲ್ಲಿ ಅವರ ಮನೆಗೆ ಮುಟ್ಟಿಸುತ್ತಿದ್ದೆ. ಅವರು ಕೇಳಿ ನೋಡಿ, ಸಂಜೆ ಫೋನು ಮಾಡಿ, ಇಲ್ಲಿ ಹಿಂಗಾತು, ಅಲ್ಲಿ ಹಂಗಾತು ಎಂದು ಹೇಳುತ್ತಿದ್ದರು. ಅದೇ ಮಾತನ್ನು ನಾನು ಬಳಗಕ್ಕೆ ಬರೆದರೆ, ಇದಕ್ಕೆ ಸಾಕ್ಷಿ ಏನು, ಯಾರು ಕೇಳಿದ್ದು ಎಂದು ಅವರು ಕೇಳುತ್ತಿದ್ದರು. ಒಂದು ದಿನ ತಲೆಕೆಟ್ಟು ಮೇಷ್ಟ್ರಿಗೇ ಜೋರು ಮಾಡಿಬಿಟ್ಟೆ.

“ಟವಲ್ ಕೆಳಗಿನ ಮಾತು ಬ್ಯಾಡಣ್ಣಾ. ಏನಿದ್ದರೂ ಎಲ್ಲಾರ ಮುಂದ ಬರೀರಿ. ನನ್ನ ಕಿವ್ಯಾಗ ಹೇಳಬ್ಯಾಡ್ರಿ.”

ಟವಲ್ಲಿನ ಮಾತು ನನಗೆ ಬಂದದ್ದು ನಮ್ಮಪ್ಪನಿಂದ. ಅಪ್ಪ ಆದವಾನಿಯ ಹತ್ತಿ ಮಾರ್ಕೆಟ್ಟಿನಲ್ಲಿ ಅರಳೆ ನೋಡುವವರು. ರಾಶಿಗೆ ಕೈ ಹಾಕಿ, ಒಂದು ಚಿಟಿಕೆ ಎಳೆದು, ಎರಡು ಹೆಬ್ಬೆರಳಿನ ನಡುವೆ ಹಿಂಜಿ ಎಳೆಯ ಉದ್ದ ಹೇಳುತ್ತಿದ್ದರು. ಅವರ ಎಳೆಯ ವಯಸ್ಸಿನಲ್ಲಿ ಹತ್ತಿ ಕೊಳ್ಳುವವನೂ ದಲ್ಲಾಳಿಯೂ ಟವಲ್ಲಿನ ಕೆಳಗೆ ಕೈ ಹಿಡಿದುಕೊಂಡು, ಬೆರಳು ಅದುಮಿ ದರ ಮುಗಿಸುತ್ತಿದ್ದರಂತೆ. ಹತ್ತಿ ಬೆಳೆದವನು ಪಕ್ಕದಲ್ಲೇ ನಿಂತು ಆ ಟವಲ್ಲನ್ನೇ ಪಿಳಿಪಿಳಿ ನೋಡಬೇಕು. ಮುಚ್ಚಿಟ್ಟು ಮಾತಾಡುವುದಕ್ಕೆಲ್ಲ ನಮ್ಮ ಮನೆಯಲ್ಲಿ ಆಮೇಲೆ ಅದೇ ಹೆಸರಾಯಿತು. ಮೇಷ್ಟ್ರಿಗೂ ಅದು ಗೊತ್ತಿದ್ದದ್ದೇ. ಸರಿ ತಂಗಿ ಎಂದರು, ಫೋನು ಇಟ್ಟರು. ಮರುದಿನವೇ ಬಳಗಕ್ಕೆ ಸೇರಿದರು. ಅಲ್ಲಿಂದಾಚೆ ಓದುಗನ ಬಗ್ಗೆ ನನಗೆ ಬಾಯಿಮಾತಿನಲ್ಲಿ ಒಂದಕ್ಷರ ಹೇಳಲಿಲ್ಲ.

ಮೇಲು ಎಂದರೆ ಅವರಿಗೆ ನೀರು ಕುಡಿದಷ್ಟು ಸಲೀಸು. ಅಕ್ಷರ ಬಿಟ್ಟು ಬೇರೇನೂ ಇಲ್ಲದ್ದರಿಂದ ಓದುಗ ಅದನ್ನು ಗಡಗಡ ಓದುತ್ತಿತ್ತು. ಶಾಲೆಯ ಕಾಂಪೌಂಡಿನ ಬೇವಿನ ಮರದ ಹತ್ತಿರ ಮಾತ್ರ ಅಷ್ಟಿಷ್ಟು ಸಿಗ್ನಲ್ ಬರುತ್ತಿತ್ತು. ಅಲ್ಲಿ ಕೂತು ಮೇಲುಗಳನ್ನೆಲ್ಲ ಇಳಿಸಿಕೊಳ್ಳುವುದು, ಮನೆಗೆ ಹೋಗಿ ನಿಧಾನಕ್ಕೆ ಕೇಳುವುದು, ಉತ್ತರ ಬರೆದಿಡುವುದು, ಮರುದಿನ ಬೇವಿನ ಮರಕ್ಕೆ ಬಂದಾಗ ಅವು ತಾವಾಗಿ ಹೊರಡುವುದು. ಕರೆಂಟು ಹೋಗಲಿ, ನೆಟ್ ಹೋಗಲಿ, ಅವರ ಕೆಲಸಕ್ಕೆ ಕುಂದಿಲ್ಲ. ಬರೆಯುತ್ತಿದ್ದದ್ದು ಸಣ್ಣ ಸಣ್ಣ ಇಂಗ್ಲಿಷ್ ವಾಕ್ಯ. ಏಳನೆಯ ಸಾಲಿನಲ್ಲಿ ದನಿ ಒಡೆಯುತ್ತದೆ. ಹತ್ತನೆಯ ಸಾಲಿನಲ್ಲಿ ಅಂಕಿ ಎರಡು ಸಲ ಬಂತು. ಒಂದು ತಿಂಗಳು ತುಂಬುವುದರಲ್ಲಿ ಬಳಗದವರು ಇವರ ಮಾತಿಗೆ ಕಾಯತೊಡಗಿದರು. ಯಾವುದೋ ದೇಶದವನೊಬ್ಬ ಇವರನ್ನು ಡಾಕ್ಟರ್ ಶರಣಪ್ಪ ಎಂದು ಕರೆದು ಬರೆದ. ಇವರು ಕಣ್ಣಿಲ್ಲದ ಹೈಸ್ಕೂಲು ಮೇಷ್ಟ್ರು, ಬೇವಿನ ಮರದ ಕೆಳಗೆ ಕೂತಿದ್ದಾರೆ ಎಂದು ಅವರಲ್ಲಿ ಒಬ್ಬರಿಗೂ ತಿಳಿದಿರಲಿಲ್ಲ. ಮೇಷ್ಟ್ರು ನಕ್ಕು, ತಿಳಿಸಬೇಡ, ಹಿಂಗೇ ಚಂದ ಐತಿ ಎಂದರು.

ನನ್ನ ಮೂರನೆಯ ಆವೃತ್ತಿಗೆ ಅವರದೇ ದೊಡ್ಡ ತಕರಾರು. ಭಾಷೆ ಬದಲಾಗುವಾಗ ಓದುಗ ಬಹಳ ಹೊತ್ತು ಸುಮ್ಮನಿರುತ್ತದೆ, ಉಸಿರು ಉದ್ದವಾಯಿತು ಎಂದು ಬರೆದರು. ನನ್ನ ಲ್ಯಾಬಿನ ಹೊಸ ಯಂತ್ರದಲ್ಲಿ ಉಸಿರೂ ಇರಲಿಲ್ಲ, ಏನೂ ಇರಲಿಲ್ಲ. ನಾನು ಒಪ್ಪಲಿಲ್ಲ. ಇಬ್ಬರೂ ಬಳಗದ ಮುಂದೆ ಎರಡು ದಿನ ಜಗಳಾಡಿದೆವು. ಕೊನೆಗೆ ಅವರ ಹಳೆಯ ಲ್ಯಾಪ್‌ಟಾಪಿನಲ್ಲಿ ಕೇಳಿದಾಗ ನನ್ನ ತಪ್ಪು ತಿಳಿಯಿತು. ಪ್ರತಿ ಸಲ ಭಾಷೆ ಬದಲಾದಾಗ ನನ್ನ ಕೋಡು ಒಂದು ದನಿಯನ್ನು ಮುಚ್ಚಿ ಇನ್ನೊಂದನ್ನು ಮೊದಲಿನಿಂದ ತೆರೆಯುತ್ತಿತ್ತು. ನಾಲ್ಕನೆಯದರಲ್ಲಿ ಎರಡೂ ದನಿಗಳನ್ನು ಒಟ್ಟಿಗೇ ತೆರೆದಿಟ್ಟೆ. ಉಸಿರು ಹೋಯಿತು. ಆ ಜಗಳವೆಲ್ಲ ಬಳಗದ ಹಳೆಯ ಮೇಲುಗಳಲ್ಲಿ ಇವತ್ತಿಗೂ ಇದೆ, ಯಾರು ಬೇಕಾದರೂ ಓದಬಹುದು.

ಅಷ್ಟರಲ್ಲಿ ಶ್ರಾವಣ ಕಳೆಯುತ್ತ ಬಂದಿತ್ತು. ಯಜಮಾನ ಒಂದು ಮಾತು ಎತ್ತಿದ. ಇ-ಮೇಲಿನಿಂದ ಹೊಸಬರಿಗೆ ಕಷ್ಟವಾಗುತ್ತಿದೆ, ಎಲ್ಲ ಪರಿಶೀಲನೆಯನ್ನೂ ಒಂದು ವೆಬ್ ತಾಣಕ್ಕೆ ಒಯ್ಯೋಣವೇ ಎಂದು ಕೇಳಿದ. ಅಲ್ಲಿ ಬ್ರೌಸರಿನಲ್ಲೇ ತಿದ್ದುಪಡಿ ಹಾಕಬಹುದು, ಸಾಲಿನ ಪಕ್ಕದಲ್ಲೇ ಟಿಪ್ಪಣಿ ಬರೆಯಬಹುದು, ಸರಿಯಿದ್ದರೆ ಹಸಿರು ಗುರುತು. ಹಳಬರು ಕಚ್ಚೆ ಕಟ್ಟಿ ವಿರೋಧಕ್ಕೆ ನಿಂತರು. ಮೇಲು ಎಲ್ಲರದು, ತಾಣಕ್ಕೆ ಒಬ್ಬ ಮಾಲೀಕ ಇರುತ್ತಾನೆ ಎಂದರು. ಮೇಲನ್ನು ನೆಟ್ ಇಲ್ಲದೆಯೂ ಓದಬಹುದು ಎಂದರು. ನನಗೆ ಕಂಡದ್ದು ನನ್ನ ಮುರಿದ ಸಾಲುಗಳು, ಆ ಪುಣ್ಯಾತ್ಮನ ಶಿಷ್ಟಾಚಾರ. ಕೂತು ಒಂದು ಉದ್ದ ಮೇಲ್ ಬರೆದೆ. ನಿಮ್ಮ ಈ ಮಡಿ-ಮೈಲಿಗೆಯಿಂದ ನಮ್ಮಂಥವರು ಬಾಗಿಲಲ್ಲೇ ನಿಂತಿದ್ದೇವೆ, ಸಣ್ಣ ಊರಿನ ಹೆಂಗಸೊಬ್ಬಳು ಖಾಲಿ ಜಾಗದ ಲೆಕ್ಕಕ್ಕೆ ಮೂರು ಸಲ ವಾಪಸಾಗಬೇಕೇ ಎಂದು ಕೇಳಿದೆ. ಬರೆಯುವಾಗ ಕಣ್ಣಲ್ಲಿ ನೀರೂ ಬಂದಿತ್ತು. ಅದನ್ನು ಓದಿ ಬಹಳ ಜನ ಮನಸ್ಸು ಬದಲಿಸಿದರು. ಯಜಮಾನ ನನ್ನ ಹೆಸರು ಹೇಳಿ ವಂದನೆ ಬರೆದ.

ಆ ಚರ್ಚೆಯಲ್ಲಿ ಮೇಷ್ಟ್ರದೂ ಒಂದು ಸಾಲು ಇತ್ತು. ನನಗೆ ಇ-ಮೇಲೇ ಅನುಕೂಲ, ಆದರೆ ಹೆಚ್ಚು ಜನ ಒಪ್ಪಿದಂತೆ ಆಗಲಿ ಎಂದು ಬರೆದಿದ್ದರು. ಓದಿದ್ದೆ. ಓದಿ ಮುಂದೆ ಹೋಗಿದ್ದೆ.

ಭಾದ್ರಪದದಲ್ಲಿ ತಾಣ ಬಂತು. ನಾನು ಮೇಷ್ಟ್ರ ಮನೆಗೆ ಹೋಗಿ ಅವರ ಹೆಸರು ನೋಂದಾಯಿಸಿದೆ. ನೀವು ಯಂತ್ರವಲ್ಲ, ಮನುಷ್ಯರೆಂದು ತೋರಿಸಿ, ಬಸ್ಸು ಇರುವ ಚಿತ್ರಗಳನ್ನು ಆರಿಸಿ ಎಂದು ಅದು ಕೇಳಿತು. ಕುರುಡರಿಗೆ ಎಂದೇ ಮಾಡುವ ತಂತ್ರಾಂಶದ ಬಾಗಿಲಲ್ಲಿ ಚಿತ್ರ ನೋಡಿ ಒಳಗೆ ಬನ್ನಿ ಎಂಬ ಬೋರ್ಡು. ಆಗ ನನಗೆ ನಗುವೇ ಬಂತು. ಅವರ ಬದಲು ನಾನೇ ಆರಿಸಿ ಒಳಗೆ ಬಿಟ್ಟೆ. ಇನ್ನು ಸುಲಭ ಐತಣ್ಣ ಎಂದೆ. ಅವರು ಅಲ್ಲೇ ಒಂದು ಸಲ ಓದಿಸಿ ನೋಡಿದರು. ಬಟನ್, ಬಟನ್, ಲಿಂಕ್, ಬಟನ್ ಎಂದು ಓದುಗ ಹೇಳುತ್ತ ಹೋಯಿತು. ಯಾವುದು ಏತರ ಬಟನ್ ಎಂದು ಅದಕ್ಕೂ ತಿಳಿಯದು. ರೂಢಿಯಾಗತೈತಿ ಬಿಡು ಎಂದು ಮೇಷ್ಟ್ರು ಲ್ಯಾಪ್‌ಟಾಪ್ ಮುಚ್ಚಿದರು. ನಾನು ಬಸ್ಸಿಗೆ ಹೊತ್ತಾಯಿತೆಂದು ಎದ್ದೆ.

ಆ ತಿಂಗಳು ನಮ್ಮ ಕಡೆ ಎಂದೂ ಬಾರದ ಮಳೆ. ಒಂದು ಬೆಳಗ್ಗೆ ಹಳ್ಳ ಬಂದು ಬಸ್ಸು ಈಚೆ ದಡದಲ್ಲಿ ನಿಂತಿತು. ಡ್ರೈವರ್ ಇಳಿದು ಬೀಡಿ ಹಚ್ಚಿದ, ಹೆಂಗಸರು ಎಲೆಯಡಿಕೆ ಚೀಲ ತೆಗೆದರು. ಅಲ್ಲಿ ಸ್ವಲ್ಪ ಸಿಗ್ನಲ್ ಇತ್ತು. ತಾಣದಲ್ಲಿ ಹೊಸದಾಗಿ ಸೇರಿದವನೊಬ್ಬ ನನ್ನ ತಿದ್ದುಪಡಿಯ ಪಕ್ಕ ಸಲಹೆ ಬರೆದಿದ್ದ. ಎರಡು ದನಿಗಳನ್ನು ಒಟ್ಟಿಗೆ ತೆರೆದಿಡುವುದು ದಂಡ, ಬೇಕಾದಾಗ ತೆರೆದರೆ ಕೋಡು ಚೊಕ್ಕವಾಗುತ್ತದೆ ಎಂದು ಸಾಲನ್ನೂ ತಾನೇ ಬರೆದು ಇಟ್ಟಿದ್ದ. ಅದರ ಕೆಳಗೆ ಒಂದು ಬಟನ್: ಸಲಹೆ ಸ್ವೀಕರಿಸಿ. ನಮ್ಮ ಎರಡು ದಿನದ ಜಗಳ ಅವನಿಗೆ ಗೊತ್ತಿಲ್ಲ, ಅದು ಹಳೆಯ ಮೇಲುಗಳಲ್ಲೇ ಉಳಿದಿತ್ತು. ನನಗೆ ಗೊತ್ತಿತ್ತು. ಗೊತ್ತಿದ್ದವಳು ನೆನಪು ಮಾಡಿಕೊಳ್ಳಲಿಲ್ಲ. ಇ-ಮೇಲಿನ ಕಾಲದಲ್ಲಾಗಿದ್ದರೆ ಕೂತು ಅದನ್ನು ಮತ್ತೆ ಬರೆಯಬೇಕಿತ್ತು, ಬರೆಯುವಾಗ ಕೈಯೇ ತಡೆಯುತ್ತಿತ್ತು. ಇಲ್ಲಿ ಬಸ್ಸಿನ ಸೀಟಿನಲ್ಲಿ ಕೂತು ಹೆಬ್ಬೆರಳಿನಲ್ಲಿ ಒತ್ತಿದೆ. ಎಷ್ಟು ಸುಖ ಎನ್ನಿಸಿತು. ಆ ಹೆಬ್ಬೆರಳಿಗೆ ಅವತ್ತು ಚೇಳು ಕಡಿಯಬಾರದಿತ್ತೇ.

ಹೊಸದನ್ನು ಪೆನ್‌ಡ್ರೈವಿಗೆ ಹಾಕಿ ಮೇಷ್ಟ್ರಿಗೂ ಕೊಟ್ಟೆ. ಎರಡು ದಿನ ಬಿಟ್ಟು ಓಣಿಯಲ್ಲಿ ಸಿಕ್ಕಾಗ, ಹೆಂಗೈತಣ್ಣ ಎಂದು ಕೇಳಿದೆ.

“ಬರದೀನಿ ತಂಗಿ.”

ತಾಣದಲ್ಲಿ ನೋಡಿದೆ. ಅವರದೇನೂ ಇರಲಿಲ್ಲ. ತಕರಾರಿದ್ದರೆ ಇರುತ್ತಿತ್ತು, ಇಲ್ಲವೆಂದರೆ ಎಲ್ಲ ಸರಿಯಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಆ ವಾರ ಕನ್ನಡವೂ ಬಾರದ ತೆಲುಗೂ ಬಾರದ ಇಬ್ಬರು, ಚೆನ್ನಾಗಿ ಕಾಣುತ್ತದೆ ಎಂದು ಬರೆದು ಹಸಿರು ಗುರುತು ಒತ್ತಿದರು. ಯಜಮಾನ ಒಪ್ಪಿದ. ದಸರೆಗೆ ಎಂಟು ದಿನ ಮುಂಚೆ ಹೊಸ ಆವೃತ್ತಿ ಬಂತು, ಒಳಗೆ ನನ್ನ ಹೆಸರೂ ಇತ್ತು. ಲ್ಯಾಬಿನಲ್ಲಿ ಎಲ್ಲರಿಗೂ ಪೇಡೆ ಹಂಚಿದೆ.

ರಜೆ ಮುಗಿದ ಮೊದಲ ವಾರ ಅಧಿಕಾರಿ ಶಾಲೆಗೆ ಬಂದರು. ನಾನು ಅರ್ಧ ದಿನ ರಜೆ ಹಾಕಿ ಹೋಗಿದ್ದೆ, ನನ್ನ ಕೈಗುಣ ನೋಡಬೇಕಲ್ಲ. ಸ್ಟಾಫ್ ರೂಮಿನಲ್ಲಿ ಮೇಷ್ಟ್ರು ಇಸ್ತ್ರಿ ಮಾಡಿದ ಬಿಳಿ ಅಂಗಿ, ಹಣೆಗೆ ವಿಭೂತಿ, ಮುಂದೆ ಆ ಹಳೆಯ ಲ್ಯಾಪ್‌ಟಾಪ್. ಅಧಿಕಾರಿ ಅವತ್ತೇ ಬಂದ ಒಂದು ಆದೇಶವನ್ನು ಪೆನ್‌ಡ್ರೈವಿನಲ್ಲಿ ಕೊಟ್ಟರು. ಮೇಷ್ಟ್ರು ಕೀ ಒತ್ತಿದರು. ಓದುಗ ಕನ್ನಡದಲ್ಲಿ ಮೂರು ಪದ ಹೇಳಿತು. ನಿಂತಿತು. ಎಷ್ಟು ಹೊತ್ತು ನಿಂತಿತೆಂದರೆ ಕೆಟ್ಟುಹೋಯಿತೆಂದು ಎಲ್ಲರೂ ತಲೆ ಎತ್ತಿದರು. ಆಮೇಲೆ ತೆಲುಗಿನಲ್ಲಿ ಎರಡು ಪದ. ಮತ್ತೆ ನಿಂತಿತು. ಕನ್ನಡದಲ್ಲಿ ಒಂದು ಪದ. ಮತ್ತೆ. ಕಾಲು ಪುಟ ಮುಗಿಯುವುದರಲ್ಲಿ ಅಧಿಕಾರಿಯ ಟೀ ಮುಗಿಯಿತು. ಅವರು ಒಮ್ಮೆ ಗಡಿಯಾರ ನೋಡಿದರು, ಒಮ್ಮೆ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಮಾತ್ರ ಬೆನ್ನು ನೆಟ್ಟಗೆ ಮಾಡಿ ಮುಂದಿನ ಪದಕ್ಕೆ ಕಾಯುತ್ತ ಕೂತಿದ್ದರು.

“ಚಾಲು ಸಾರ್, ಚಾಲು. ಇಷ್ಟು ತಡ ಆದ್ರ ಆಫೀಸ್ ಕೆಲಸ ನಡೆಯಂಗಿಲ್ಲ ಸಾರ್,” ಎಂದು ಅಧಿಕಾರಿ ಮೆತ್ತಗೆ ಹೇಳಿದರು. ತೆಲುಗಿನ ಚಾಲು, ಅಂದರೆ ಸಾಕು ಎನ್ನುವುದನ್ನು ಅಷ್ಟು ಮರ್ಯಾದೆಯಿಂದ ಯಾರೂ ಹೇಳಲಾರರು. ಚಾರ್ಜು ಶರಣಪ್ಪ ಮೇಷ್ಟ್ರ ಕೆಳಗಿನ ಗಣಿತದ ಮೇಷ್ಟ್ರಿಗೆ ಹೋಯಿತು. ಅವನು ಸಂಕೋಚದಿಂದ ಕುರ್ಚಿಯ ತುದಿಗೆ ಕೂತ.

ಹೊರಗೆ ಬೇವಿನ ಮರದ ಹತ್ತಿರ ನಾನು ಮೇಷ್ಟ್ರ ಮೇಲೆ ಹರಿಹಾಯ್ದೆ. ನಾಚಿಕೆಗೆ ಸಿಟ್ಟಿನ ಅಂಗಿ ತೊಡಿಸಿದರೆ ಹೇಗಿರುತ್ತದೋ ಹಾಗೆ. ಇಷ್ಟು ಉಸಿರು ಇದೆಯೆಂದು ಮೊದಲೇ ಕೇಳಿದ್ದರೆ ಒಂದು ಮಾತು ಬರೆಯಬಾರದಿತ್ತೇ, ಒಂದು ಸಾಲು ಸಾಕಿತ್ತಲ್ಲ ಎಂದೆ.

“ಬರದಿದ್ದೆ ತಂಗಿ,” ಎಂದರು ಅವರು.

ನಾನು ನಂಬಲಿಲ್ಲ. ಎಲ್ಲಿ ಬರೆದಿದ್ದೀರಿ ಎಂದು ಕೇಳಲೂ ಇಲ್ಲ. ತಾಣದಲ್ಲಿ ಹುಡುಕಿದವಳು ನಾನೇ ಅಲ್ಲವೇ, ಅಲ್ಲಿ ಇರಲಿಲ್ಲ. ಮುಖ ಉಳಿಸಿಕೊಳ್ಳಲು ಹೇಳುತ್ತಿದ್ದಾರೆ ಎಂದುಕೊಂಡೆ, ಆ ವಯಸ್ಸಿನವರಿಗೆ ಅಷ್ಟು ಸಲ್ಲಬೇಕು ಎಂದು ದೊಡ್ಡ ಮನಸ್ಸು ಮಾಡಿ ಸುಮ್ಮನಾದೆ. ದೀಪಾವಳಿಯೊಳಗೆ ಉಸಿರನ್ನು ತಿದ್ದಿದೆ. ಮೂರು ಸಾಲಿನ ಕೆಲಸ. ಅದು ಎಲ್ಲರ ಯಂತ್ರಕ್ಕೆ ಮುಟ್ಟಿದ್ದು ಮುಂದಿನ ಬೇಸಿಗೆಯಲ್ಲಿ. ಅಷ್ಟು ಹೊತ್ತಿಗೆ ಕುರ್ಚಿಯಲ್ಲಿ ಗಣಿತದ ಮೇಷ್ಟ್ರು ಒರಗಿ ಕೂರುವಷ್ಟು ಹಳಬನಾಗಿದ್ದ. ಮೂರು ವರ್ಷ ನಾನು ಶರಣಣ್ಣನ ಮನೆಗೆ ಹೋಗುತ್ತಿದ್ದೆ, ಬರುತ್ತಿದ್ದೆ, ಹಬ್ಬಕ್ಕೆ ಹೋಳಿಗೆ ಕೊಟ್ಟೆ. ಎದೆಯ ಒಂದು ಮೂಲೆಯಲ್ಲಿ ಮಾತ್ರ, ಒಂದು ಸಾಲು ಬರೆದಿದ್ದರೆ ಎಂಬ ದೂರು ಹಾಗೇ ಕೂತಿತ್ತು. ಹೋದ ಬೇಸಿಗೆಯಲ್ಲಿ ಅವರು ರಿಟೈರಾದರು. ಕೊನೆಯವರೆಗೂ ಹೆಡ್‌ಮಾಸ್ತರ ಆಗಲಿಲ್ಲ.

ಮೊನ್ನೆ ಬಂದದ್ದು ಆ ಸಾಲು. ಬಳಗದ ಹಳೆಯ ಮೇಲ್ ಯಂತ್ರವನ್ನು ಮುಚ್ಚುತ್ತಿದ್ದಾರಂತೆ. ಮುಚ್ಚುವ ಮುಂಚೆ ಯಾರೋ ಕಸ ಗುಡಿಸುವಾಗ ತಾಣ ಬಂದಾಗಿನಿಂದ ಹಳೆಯ ವಿಳಾಸಕ್ಕೆ ಬಂದು ಒಳಗೆ ತಡೆದಿಟ್ಟಿದ್ದ ಮೇಲುಗಳನ್ನೆಲ್ಲ ಒಮ್ಮೆಲೇ ಬಿಟ್ಟಿದ್ದಾರೆ. ಮೇಷ್ಟ್ರು ಇಂಗ್ಲಿಷಿನಲ್ಲಿ ಬರೆದದ್ದರ ಕನ್ನಡ ಹೀಗೆ:

‘ನಮಸ್ಕಾರ. ಹೊಸ ಆವೃತ್ತಿ ಕೇಳಿದೆ, ಭಾಷೆ ಬದಲಾಗುವಾಗ ಉಸಿರು ಮತ್ತೆ ಉದ್ದವಾಗಿದೆ, ಮೂರನೆಯದರಲ್ಲಿ ಇದ್ದಂತೆಯೇ. ಗಿರಿಜಾ ಇದಕ್ಕಾಗಿ ಬಹಳ ಕಷ್ಟಪಟ್ಟಿದ್ದಾಳೆ, ದಯವಿಟ್ಟು ಸೇರಿಸುವ ಮುಂಚೆ ಹಳೆಯ ಯಂತ್ರವೊಂದರಲ್ಲಿ ಕೇಳಿ ನೋಡಿ. ಹೊಸ ತಾಣದಲ್ಲಿ ಬರೆಯುವ ಜಾಗ ನನಗೆ ಸಿಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ, ಕ್ಷಮಿಸಿ.’

ಮುಂದಿನ ಬಸ್ಸು ಹಿಡಿದು ನೇರ ಅವರ ಮನೆಗೆ ಹೋದೆ. ಜಗಲಿಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಹೆಜ್ಜೆಯ ಸಪ್ಪಳಕ್ಕೇ ಬಾ ಗಿರಿಜವ್ವ ಎಂದರು. ನಾನು ಕೂರಲಿಲ್ಲ. ಫೋನಿನಲ್ಲಿದ್ದ ಓದುಗನಿಂದಲೇ ಆ ಮೇಲನ್ನು ಓದಿಸಿದೆ. ಇಂಗ್ಲಿಷ್ ಆದ್ದರಿಂದ ಎಲ್ಲೂ ಉಸಿರು ಕಟ್ಟದೆ ಸರಾಗ ಓದಿತು. ಅವರು ಸುಲಿಯುವುದನ್ನು ನಿಲ್ಲಿಸಿ ಕೇಳಿದರು. ಮುಗಿದ ಮೇಲೆ ನಿಧಾನಕ್ಕೆ ಹೇಳಿದರು. ಕಳಿಸಿದ ದಿನವೇ ಉತ್ತರ ಬಂದಿತ್ತಂತೆ. ನಿಮ್ಮ ಪತ್ರ ಮೇಲಿನವರ ಒಪ್ಪಿಗೆಗೆ ಕಾದಿದೆ ಎಂದಿತ್ತಂತೆ. ಆ ಮೇಲಿನವರು ಯಾರೂ ಆ ಕಡೆ ಸುಳಿಯದೆ ತಾಣಕ್ಕೆ ಹೋಗಿದ್ದಾರೆಂದು ಇವರಿಗೆ ಹೇಗೆ ಗೊತ್ತಾಗಬೇಕು? ಸರ್ಕಾರಿ ನೌಕರಿಯಲ್ಲಿ ತಲೆ ಹಣ್ಣಾದವರು. ಫೈಲು ಮೇಲಿನವರ ಮೇಜಿನ ಮೇಲಿದ್ದರೆ ಕಾಯಬೇಕು ಎಂದು ಕಾದರಂತೆ.

ನನಗಾದರೂ ಹೇಳಬಹುದಿತ್ತಲ್ಲಣ್ಣಾ, ಎರಡು ಓಣಿ ದೂರ ಇದ್ದೆನಲ್ಲ ಎಂದೆ.

“ಟವಲ್ ಕೆಳಗಿನ ಮಾತು ಬ್ಯಾಡ ಅಂದಿದ್ದಿಯಲ್ಲ ತಂಗಿ. ಅದಕ್ಕ ಎಲ್ಲಾರ ಮುಂದ ಬರದೆ.”

ನಾನು ಅವರ ಪಕ್ಕ ಕೂತೆ. ಇ-ಮೇಲಿಗೂ ಬೆಂಕಿ ಬೀಳಲಿ, ತಾಣಕ್ಕೂ ಬೀಳಲಿ, ನನ್ನ ಆ ದೊಡ್ಡ ಮನಸ್ಸಿಗೆ ಮೊದಲು ಬೀಳಲಿ. ಅವರು ಮೊರದಲ್ಲಿದ್ದ ಶೇಂಗಾವನ್ನು ನನ್ನ ಕಡೆಗೂ ಸರಿಸಿದರು. ಸ್ವಲ್ಪ ಹೊತ್ತು ಇಬ್ಬರೂ ಸುಲಿದೆವು. ಆಮೇಲೆ ಏನೋ ಹೊಳೆದವರಂತೆ ತಲೆ ಎತ್ತಿದರು.

“ಅಂದ್ರ, ಕಡೀಗೆ ಒಪ್ಪಿಗಿ ಸಿಕ್ಕತೇನು?”

ಸಿಕ್ಕಿತಣ್ಣ ಎಂದೆ.